ಗುರ್ ಅನ್ನೋದನ್ನ ಬಿಡಿಸಬೇಡಿ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಒಬ್ಬ ಡಾಗ್ ಟ್ರೇನರ್ ಐದು ತಿಂಗಳ ಲ್ಯಾಬ್ರಡಾರ್ ಮರಿಯೊಂದನ್ನು ಅಂಗಾತ ಕೆಡವಿ, ಕುತ್ತಿಗೆಯ ಮೇಲೆ ಕೈ ಒತ್ತಿ ಹಿಡಿದು ಕೂತಿದ್ದ. ಮರಿ ಮೊದಲು ಒದ್ದಾಡಿತು, ಕುಂಯ್ ಅಂತು, ಆಮೇಲೆ ಸುಮ್ಮನಾಯಿತು. ಕಣ್ಣಿನ ಬಿಳಿ ಕಾಣುತ್ತಿತ್ತು. ಬಾಲ ಹೊಟ್ಟೆಗೆ ಅಂಟಿಕೊಂಡಿತ್ತು. "ನೋಡಿ ಸಾರ್, ಸಬ್ಮಿಟ್ ಆಯ್ತು" ಅಂದ. ಮರಿಯ ಯಜಮಾನ, ನನ್ನ ಹಾಗೇ ಲ್ಯಾಪ್‌ಟಾಪ್ ಬ್ಯಾಗಿನ ಗಿರಾಕಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತ ನಿಂತಿದ್ದ.

"ಅದು ಸಬ್ಮಿಟ್ ಆಗಿಲ್ಲ ರೀ, ಹೆದರಿ ಮರಗಟ್ಟಿದೆ" ಅಂದೆ. ಆತ ನಕ್ಕು, "ನೀವು ಹುಬ್ಬಳ್ಳಿ ಕಡೆಯವರಲ್ವಾ? ನಿಮ್ಮೂರಲ್ಲಿ ನಾಯಿ ಕಂಡ್ರೆ ಕಲ್ಲು ಹೊಡೀತಾರೆ. ಅದಕ್ಕಿಂತ ಇದು ಬೆಟರ್ ಅಲ್ವಾ ಗುರೂ?" ಅಂದ. ಸುತ್ತ ನಿಂತವರೂ ನಕ್ಕರು. ನನಗೆ ಆಗ ಬಾಯಿಗೆ ಮಾತು ಬರಲಿಲ್ಲ. ಲಿಫ್ಟ್ ಹತ್ತಿದ ಮೇಲೆ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮೂರು ತಡಸ. ಹುಬ್ಬಳ್ಳಿಯಿಂದ ಬೆಂಗಳೂರು ಕಡೆ ಹೈವೇ ಹಿಡಿದು ಬಂದರೆ ಮುಂಡಗೋಡಕ್ಕೆ ತಿರುಗುವ ಕ್ರಾಸ್ ಸಿಗುತ್ತದಲ್ಲ, ಅದೇ. ಶಿಗ್ಗಾಂವಿ ತಾಲೂಕು, ಹಾವೇರಿ ಜಿಲ್ಲೆ. ಹೌದು, ನಮ್ಮೂರಲ್ಲಿ ನಾಯಿಗೆ ಕಲ್ಲು ಹೊಡೆಯುತ್ತಾರೆ. ನಾನೂ ಹೊಡೆದಿದ್ದೇನೆ. ಮತ್ತು ಆ ಟ್ರೇನರ್ ಮಾಡುತ್ತಿದ್ದುದನ್ನೂ ನಾನು ಮಾಡಿದ್ದೇನೆ, ದುಡ್ಡು ಕೊಟ್ಟು ಮಾಡಿಸಿದ್ದೇನೆ. ಅದರ ಗುರುತು ನನ್ನ ಅಕ್ಕನ ಮಗಳ ಕೆನ್ನೆಯ ಮೇಲಿದೆ.

2020ರ ಲಾಕ್‌ಡೌನಿನಲ್ಲಿ ನಾನು ಊರಿಗೆ ಹೋಗಿ ಕೂತಿದ್ದೆ. ನಮ್ಮ ಹಿತ್ತಲ ಬಣವಿ ಸಂದಿಯಲ್ಲಿ ಓಣಿಯ ನಾಯಿಯೊಂದು ಮರಿ ಹಾಕಿತ್ತು. ಒಂದು ಕೆಂಪನೆಯದು ನನ್ನ ಹಿಂದೆ ಬಿತ್ತು. ಕೆಂಚ ಅಂತ ಹೆಸರಿಟ್ಟೆ. ಮೀಟಿಂಗ್ ಮುಗಿಯೋವರೆಗೂ ಕಟ್ಟೆಯ ಮೇಲೆ ಮಲಗಿರುತ್ತಿದ್ದ. 2022ರಲ್ಲಿ ಆಫೀಸಿನವರು ವಾಪಸ್ ಕರೆದಾಗ ಬಿಟ್ಟು ಬರಲು ಮನಸ್ಸಾಗದೆ ಕರೆದುಕೊಂಡು ಬಂದೆ. ತಪ್ಪು ಅಲ್ಲಿಂದಲೇ ಶುರುವಾಯಿತೇನೋ. ಎರಡು ವರ್ಷ ಹೊಲ, ಓಣಿ, ಕೆರೆ ಅಂತ ತಿರುಗಿದ ಪ್ರಾಣಿಯನ್ನು ಆರನೇ ಮಹಡಿಯ ಎರಡು ಬೆಡ್‌ರೂಮಿನಲ್ಲಿ ತಂದು ಹಾಕಿದ್ದೆ.

ಕೆಂಚ ಗುರ್ ಅನ್ನಲು ಶುರು ಮಾಡಿದ. ನೆಲ ಒರೆಸುವ ಕೋಲಿಗೆ ಗುರ್. ಸೆಕ್ಯುರಿಟಿಯವನ ಲಾಠಿಗೆ ಗುರ್. ತಿನ್ನುವಾಗ ಯಾರಾದರೂ ಪಕ್ಕ ಹೋದರೆ ಗುರ್. ಕಚ್ಚಿರಲಿಲ್ಲ, ಒಮ್ಮೆಯೂ ಇಲ್ಲ. ಆದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ "ಅಗ್ರೆಸಿವ್ ಡಾಗ್" ಅಂತ ಮೆಸೇಜ್ ಬಂತು. ಯಾರೋ ಒಬ್ಬ ಟ್ರೇನರ್ ನಂಬರ್ ಕೊಟ್ಟರು. ಹನ್ನೆರಡು ಕ್ಲಾಸು, ಹದಿನೈದು ಸಾವಿರ ರೂಪಾಯಿ.

"ಸಾರ್, ನಾಯಿ ನಿಮ್ಮನ್ನ ಟೆಸ್ಟ್ ಮಾಡ್ತಾ ಇದೆ. ಅದು ತೋಳದ ವಂಶ. ಮನೇಲಿ ಆಲ್ಫಾ ಯಾರು ಅಂತ ಅದಕ್ಕೆ ಗೊತ್ತಾಗ್ಬೇಕು." ಇದು ಅವನ ಮೊದಲ ಮಾತು. ಚೋಕ್ ಚೈನ್ ತಂದ. ಎಳೆದಾಗ ಕುತ್ತಿಗೆ ಬಿಗಿಯುವ ಸರಪಳಿ ಅದು. ಗುರ್ ಅಂದ ತಕ್ಷಣ ಒಂದು ಜಗ್ಗು, ಒಂದು "ನೋ!". ಹೆಂಡತಿ "ಬ್ಯಾಡ ಬಿಡ್ರಿ, ಅದರ ಮಾರಿ ನೋಡಕ್ಕಾಗವಲ್ದು" ಅಂದಳು. ನಾನು ಕೇಳಲಿಲ್ಲ. ಮೂರು ವಾರಕ್ಕೆ ಗುರ್ ಅನ್ನೋದು ನಿಂತಿತು. ನೆಲ ಒರೆಸುವಾಗ ಕೆಂಚ ಮೂಲೆಯಲ್ಲಿ ಗೊಂಬೆಯ ಹಾಗೆ ಕೂರುತ್ತಿದ್ದ. ನಾನು ಟ್ರೇನರ್‌ಗೆ ಫೈವ್ ಸ್ಟಾರ್ ಕೊಟ್ಟೆ. ಆಫೀಸಿನಲ್ಲಿ ಮೂರು ಜನಕ್ಕೆ ಅವನ ನಂಬರ್ ಕೂಡ ಕೊಟ್ಟೆ.

2023ರ ಪಂಚಮಿಗೆ ಊರಿಗೆ ಹೋದೆವು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ, ಉಂಡಿ, ಅಳ್ಳು. ಅಕ್ಕ ಐದು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಧ್ಯಾಹ್ನ ಪಡಸಾಲೆಯಲ್ಲಿ ಕೆಂಚ ಹಾಲು-ರೊಟ್ಟಿ ತಿನ್ನುತ್ತಿದ್ದ. ಹುಡುಗಿ ಕೈಯಲ್ಲಿ ಶೇಂಗಾ ಉಂಡಿ ಹಿಡಿದುಕೊಂಡೇ ಅವನ ಕುತ್ತಿಗೆಗೆ ತೋಳು ಹಾಕಿ ಮುದ್ದು ಮಾಡಲು ಬಗ್ಗಿದಳು. ನಾನು ಹತ್ತು ಹೆಜ್ಜೆ ಆಚೆ ಮೊಬೈಲ್ ನೋಡುತ್ತ ಕೂತಿದ್ದೆ. ಗುರ್ ಅನ್ನೋ ಸದ್ದು ಬಂದಿದ್ದರೆ ತಲೆ ಎತ್ತುತ್ತಿದ್ದೆ. ಬರಲಿಲ್ಲ. ಬಂದದ್ದು ಹುಡುಗಿ ಚೀರಿದ ಸದ್ದು.

ಕೆನ್ನೆಯಲ್ಲಿ ಎರಡು ಹಲ್ಲಿನ ಗುರುತು, ರಕ್ತ. ನಲ್ಲಿ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆವು. ಇದನ್ನು ನೀವೂ ನೆನಪಿಡಿ. ಅರಿಷಿಣ, ಸುಣ್ಣ, ಖಾರದಪುಡಿ ಏನೂ ಬೇಡ, ಸೋಪು ಮತ್ತು ಹರಿಯುವ ನೀರು, ಹದಿನೈದು ನಿಮಿಷ. ಆಮೇಲೆ ಹುಬ್ಬಳ್ಳಿಗೆ ಓಡಿದೆವು. ಕೆಂಚನಿಗೆ ವರ್ಷಾವರ್ಷ ರೇಬಿಸ್ ಲಸಿಕೆ ಹಾಕಿಸಿದ್ದೆ, ಆದರೂ ಮುಖದ ಗಾಯ, ಮಗು. ಡಾಕ್ಟರು ಗಾಯದ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿದರು, ಲಸಿಕೆಯ ಮೊದಲ ಡೋಸ್ ಕೊಟ್ಟು ಉಳಿದವಕ್ಕೆ ತಾರೀಖು ಬರೆದುಕೊಟ್ಟರು. ಹುಡುಗಿ ಅತ್ತು ಅತ್ತು ಕಾರಿನಲ್ಲೇ ಮಲಗಿದಳು. ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಆ ದಿನ ಅಷ್ಟೇ ಅಲ್ಲ, ದೀಪಾವಳಿವರೆಗೂ ಮಾತಾಡಲಿಲ್ಲ.

ಸಂಜೆ ಕಟ್ಟೆಯ ಮೇಲೆ ಪಂಚಾಯ್ತಿ. "ಹೊಡದ್ ಒಗೀರಿ ಅದನ್ನ" ಅಂದವರೇ ಹೆಚ್ಚು. ನಮ್ಮ ಕಾಕಾ ಮಾತ್ರ ಬೀಡಿ ಆರಿಸಿ ಒಂದೇ ಪ್ರಶ್ನೆ ಕೇಳಿದ.

"ಕಚ್ಚೋಕ್ಕಿಂತ ಮೊದಲ ಅದು ಗುರ್ ಅನ್ನಲಿಲ್ಲೇನೋ ತಮ್ಮಾ?"

"ಇಲ್ಲ ಕಾಕಾ. ಗುರ್ ಅನ್ನೋದು ಬಿಡಿಸೀನಿ. ಟ್ರೇನಿಂಗ್ ಕೊಡಿಸೀನಿ."

ಕಾಕಾ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ರೊಕ್ಕಾ ಕೊಟ್ಟು ಅದರ ಬಾಯಾಗಿನ ಮಾತು ಕಸಗೊಂಡ್ಯಲ್ಲೋ" ಅಂದ. ಎದ್ದು ಎತ್ತಿಗೆ ನೀರು ಕುಡಿಸಲು ಹೋದ.

ಏಳನೇ ಕ್ಲಾಸು ಓದಿದ ಕಾಕಾನಿಗೆ ಗೊತ್ತಿದ್ದದ್ದು ಬಿಇ ಮಾಡಿದ ನನಗೆ ಯಾಕೆ ಗೊತ್ತಿರಲಿಲ್ಲ ಅಂತ ಬಹಳ ದಿನ ಯೋಚಿಸಿದ್ದೇನೆ. ನಾಚಿಕೆಯ ವಿಷಯ ಏನೆಂದರೆ, ಇದು ನನ್ನ ಕೆಲಸದ ಭಾಷೆಯಲ್ಲೇ ಇತ್ತು. ರಾತ್ರಿ ಎರಡು ಗಂಟೆಗೆ ಸರ್ವರ್‌ನಿಂದ ಅಲರ್ಟ್ ಬರುತ್ತದೆ. ನಿದ್ದೆ ಕೆಡುತ್ತದೆ ಅಂತ ಅಲರ್ಟ್ ಆಫ್ ಮಾಡಿ, ಬೆಳಿಗ್ಗೆ ಮ್ಯಾನೇಜರಿಗೆ "ಇಶ್ಯೂ ಫಿಕ್ಸ್ ಆಯ್ತು" ಅಂತ ಹೇಳುವ ಇಂಜಿನಿಯರನ್ನು ನಾವು ಏನು ಮಾಡುತ್ತೇವೆ? ನಾನು ನನ್ನ ಮನೆಯಲ್ಲಿ ಮಾಡಿದ್ದು ಅದನ್ನೇ. ಡಿಸ್ಕ್ ತುಂಬುತ್ತಲೇ ಇತ್ತು, ಮೇಲ್ ಬರುವುದು ಮಾತ್ರ ನಿಂತಿತ್ತು.

ಗುರ್ ಅಂದರೆ ನಾಯಿಯ ಜಗಳವಲ್ಲ. ಜಗಳ ಬೇಡ ಅನ್ನೋದಕ್ಕೆ ಅದು ಹೇಳುವ ಮಾತು. ಅದಕ್ಕೂ ಮೊದಲು ಅದು ಎಷ್ಟೋ ಸಲ ಮೆತ್ತಗೆ ಹೇಳಿರುತ್ತದೆ: ಮುಖ ಆಚೆ ತಿರುಗಿಸುತ್ತದೆ, ಏನೂ ತಿನ್ನದೆ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದೆ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡುತ್ತದೆ, ಮೈ ಬಿಗಿಹಿಡಿದು ಅಲ್ಲಾಡದೆ ನಿಲ್ಲುತ್ತದೆ. ಬಾಲ ಅಲ್ಲಾಡಿಸುತ್ತಿದೆ, ಖುಷಿಯಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಬಿಗಿಯಾಗಿ ಮೇಲೆತ್ತಿ ಸಣ್ಣಗೆ ಅಲ್ಲಾಡಿಸುವ ಬಾಲಕ್ಕೆ ಬೇರೆಯೇ ಅರ್ಥವಿದೆ. ಇದ್ಯಾವುದೂ ನಮಗೆ ತಿಳಿಯದೇ ಹೋದಾಗ ಕೊನೆಗೆ ಗುರ್ ಅನ್ನುತ್ತದೆ. ಅದಕ್ಕೂ ಕುತ್ತಿಗೆ ಹಿಸುಕಿದರೆ ಅದರ ಹತ್ತಿರ ಉಳಿಯುವುದು ಹಲ್ಲು ಮಾತ್ರ. "ಬೊಗಳುವ ನಾಯಿ ಕಚ್ಚುವುದಿಲ್ಲ" ಅಂತ ಗಾದೆ ಕಟ್ಟಿದವನು ಪೂರ್ತಿ ಸರಿಯಲ್ಲ, ಬೊಗಳುವ ನಾಯಿಯೂ ಕಚ್ಚುತ್ತದೆ. ಆದರೆ ಹೇಳಿ ಕಚ್ಚುತ್ತದೆ. ಬೊಗಳದ ಹಾಗೆ ಮಾಡಿದ ನಾಯಿಯ ಬಗ್ಗೆ ಗಾದೆ ಕಟ್ಟಲು ಆ ಕಾಲದಲ್ಲಿ ಚೋಕ್ ಚೈನ್ ಇರಲಿಲ್ಲ.

ಚೈನ್ ಇನ್ನೊಂದು ಅನಾಹುತ ಮಾಡಿತ್ತು, ಅದು ನನಗೆ ಆಮೇಲೆ ಅರ್ಥವಾಯಿತು. ಕೋಲು ಕಂಡಾಗ ಕುತ್ತಿಗೆ ನೋವು. ಸೆಕ್ಯುರಿಟಿ ಕಂಡಾಗ ಕುತ್ತಿಗೆ ನೋವು. ತಿನ್ನುವಾಗ ಮನುಷ್ಯ ಹತ್ತಿರ ಬಂದರೆ ಕುತ್ತಿಗೆ ನೋವು. ಪಾಠ ಗುರ್ ಅನ್ನೋದರ ಬಗ್ಗೆ ಅಂತ ಅಂದುಕೊಂಡವನು ನಾನು. ಕೆಂಚ ಕಲಿತದ್ದು ಕೋಲು, ಲಾಠಿ, ಹತ್ತಿರ ಬರುವ ಮನುಷ್ಯರು ಎಲ್ಲ ಮೊದಲು ಅಂದುಕೊಂಡಿದ್ದಕ್ಕಿಂತ ಅಪಾಯ ಅಂತ.

ಈ ಆಲ್ಫಾ ಕಥೆಗೆ ಬರೋಣ. ಇದರ ಬೇರು 1947ರಲ್ಲಿದೆ. ರುಡಾಲ್ಫ್ ಶೆಂಕೆಲ್ ಎಂಬಾತ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದ. ಒಂದೇ ಬೇಲಿಯೊಳಗೆ ಓಡಿಹೋಗಲು ಜಾಗವಿಲ್ಲದೆ ಕಚ್ಚಾಡುವ ತೋಳಗಳು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ತೋಳದ ಪುಸ್ತಕ ಆ ಮಾತನ್ನು ಮನೆಮನೆಗೆ ಮುಟ್ಟಿಸಿತು. ಆಮೇಲೆ ಅದೇ ಮೆಕ್ ಕೆನಡಾದ ಉತ್ತರದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆ ಬೇಸಿಗೆ ಕೂತು ಕಾಡಿನ ತೋಳಗಳನ್ನೇ ನೋಡಿದರು. ಅಲ್ಲಿ ಸಿಕ್ಕಿದ್ದು ಗದ್ದುಗೆಗೆ ಹೊಡೆದಾಡುವ ಗೂಂಡಾಗಳಲ್ಲ, ಅಪ್ಪ, ಅವ್ವ, ಹೋದ ವರ್ಷದ ಮಕ್ಕಳು, ಈ ವರ್ಷದ ಮರಿಗಳು. ಒಂದು ಕುಟುಂಬ. 1999ರಲ್ಲಿ ಆ ಬಗ್ಗೆ ಪೇಪರ್ ಬರೆದರು, ತಮ್ಮ ಹಳೇ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರ ಬೆನ್ನು ಹತ್ತಿದರು. ಬರೆದವನೇ ತಪ್ಪಾಯ್ತು ಅಂದ ಮೇಲೂ ಸರ್ಜಾಪುರ ರಸ್ತೆಯ ಟ್ರೇನರ್‌ಗಳು ಅದೇ ವರ್ಷನ್ ರನ್ ಮಾಡುತ್ತಿದ್ದಾರೆ. ನಡುವೆ 2004ರಿಂದ ಟೀವಿಯಲ್ಲಿ ಸೀಸರ್ ಮಿಲಾನ್ ಬಂದರು, 'ಪ್ಯಾಕ್ ಲೀಡರ್' ಅನ್ನೋ ಮಾತು ನಮ್ಮ ಡ್ರಾಯಿಂಗ್ ರೂಮಿಗೆ ಇಳಿಯಿತು. ಈಗ ರೀಲ್ಸ್ ಇದೆ, ಮೂವತ್ತು ಸೆಕೆಂಡಿನಲ್ಲಿ ನಾಯಿ ತಣ್ಣಗಾಗುತ್ತದೆ. ನಾಯಿ ಯಾಕೆ ತಣ್ಣಗಾಯಿತು ಅಂತ ರೀಲ್ಸ್ ಹೇಳುವುದಿಲ್ಲ.

"ಆದರೆ ಕೆಲಸ ಮಾಡುತ್ತಲ್ಲ?" ಅಂತೀರಿ. ಯಾವ ಕೆಲಸ? 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಘನ್ ಹೆರಾನ್ ಮತ್ತು ಸಂಗಡಿಗರು ನಡವಳಿಕೆಯ ತೊಂದರೆಗೆ ಬಂದ ನಾಯಿಗಳ ಯಜಮಾನರನ್ನು ಕೇಳಿದರು: ನೀವು ಏನೇನು ಮಾಡಿದಿರಿ, ನಾಯಿ ಏನು ಮಾಡಿತು? ಹೊಡೆದವರು, ಒದ್ದವರಲ್ಲಿ ಶೇ. 43 ಮಂದಿಯ ನಾಯಿ ತಿರುಗಿಬಿದ್ದಿತ್ತು. ಅಂಗಾತ ಕೆಡವಿದವರಲ್ಲಿ ಶೇ. 31. 2020ರಲ್ಲಿ ಪೋರ್ಚುಗಲ್‌ನ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ 92 ನಾಯಿಗಳನ್ನು ನೋಡಿದರು. ಜಗ್ಗಿ, ಗದರಿ ಕಲಿಸುವ ಶಾಲೆಯ ನಾಯಿಗಳ ಜೊಲ್ಲಿನಲ್ಲಿ ಕ್ಲಾಸಿನ ನಂತರ ಕಾರ್ಟಿಸಾಲ್ ಏರಿತ್ತು. ಅದೇ ಅಧ್ಯಯನದ ಇನ್ನೊಂದು ಪರೀಕ್ಷೆ ನನಗೆ ಮರೆಯಲಾಗುವುದಿಲ್ಲ. ಒಂದು ಕಡೆ ಇಟ್ಟ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಕಡೆ ಇಟ್ಟ ಬಟ್ಟಲು ಯಾವಾಗಲೂ ಖಾಲಿ ಅಂತ ನಾಯಿಗೆ ಮೊದಲು ಗೊತ್ತು ಮಾಡಿಸುವುದು. ಆಮೇಲೆ ಬಟ್ಟಲನ್ನು ನಡುವೆ ಇಡುವುದು. ತಿಂಡಿ ಇರಬಹುದು ಅಂತ ಓಡುತ್ತದೋ, ಏನೂ ಇರಲಿಕ್ಕಿಲ್ಲ ಅಂತ ಕಾಲೆಳೆಯುತ್ತದೋ? ಹೆಚ್ಚು ಶಿಕ್ಷೆಯ ಶಾಲೆಯಿಂದ ಬಂದವು ಕಾಲೆಳೆದವು. ತಿಂಗಳ ಕೊನೆಯಲ್ಲಿ ಆ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದಾಗ ನಮ್ಮ ಕಾಲು ಎಳೆಯುತ್ತದಲ್ಲ, ಹಾಗೆ.

ಇನ್ನು ಆ ಪಾರ್ಕಿನ ಪ್ರಶ್ನೆ. ನಿಮ್ಮೂರಲ್ಲಿ ಕಲ್ಲು ಹೊಡೆಯುತ್ತಾರೆ, ಆದರೂ ನಾಯಿಗಳು ನೆಟ್ಟಗಿವೆ, ಟ್ರೇನಿಂಗೂ ಇಲ್ಲ ಗೀನಿಂಗೂ ಇಲ್ಲ, ಅಲ್ವಾ? ನನ್ನ ಹಳ್ಳಿ ಮೂಲದ ಗೆಳೆಯರೂ ಇದನ್ನೇ ಹೇಳುತ್ತಾರೆ, ಸ್ವಲ್ಪ ಹೆಮ್ಮೆಯಿಂದ. ನಾನು ಹಳ್ಳಿಯನ್ನು ಹೊಗಳುವವನಲ್ಲ. ಎರಡು ಸಲ ಕಚ್ಚಿದ ನಾಯಿ ನಮ್ಮೂರಲ್ಲಿ ಮೂರನೇ ಸಲ ಕಾಣಿಸುತ್ತಿರಲಿಲ್ಲ. ಗೋಣಿಚೀಲದಲ್ಲಿ ಕಟ್ಟಿ ಎಲ್ಲಿಗೋ ಒಯ್ಯುತ್ತಿದ್ದರು, ಇಲ್ಲ ಬಡಿಗೆ ತೆಗೆದುಕೊಳ್ಳುತ್ತಿದ್ದರು. ಮಿಕ್ಕವನ್ನು ಹೈವೇ ನೋಡಿಕೊಳ್ಳುತ್ತಿತ್ತು. ಉಳಿದದ್ದನ್ನು ನೋಡಿ "ಎಲ್ಲ ನೆಟ್ಟಗಿವೆ" ಅನ್ನೋದು, ಪಾಸಾದವರನ್ನು ಮಾತ್ರ ಎಣಿಸಿ ನೂರಕ್ಕೆ ನೂರು ರಿಸಲ್ಟ್ ಅನ್ನುವ ಶಾಲೆಯ ಲೆಕ್ಕ.

ಆದರೆ ಊರ ನಾಯಿಗೆ ಒಂದು ಇತ್ತು, ನಿಮ್ಮ ಫ್ಲಾಟಿನ ನಾಯಿಗೆ ಇಲ್ಲದ್ದು. ಎದ್ದು ಹೋಗುವ ದಾರಿ. ಕಲ್ಲು ಹೊಡೆದ ಮನೆಯ ಮುಂದೆ ಅದು ಮತ್ತೆ ಮಲಗುತ್ತಿರಲಿಲ್ಲ, ರೊಟ್ಟಿ ಹಾಕುವ ಮನೆಯ ಮುಂದೆ ಮಲಗುತ್ತಿತ್ತು. ಮಕ್ಕಳ ಕಾಟ ಹೆಚ್ಚಾದರೆ ಬಣವಿ ಹಿಂದೆ ಹೋಗುತ್ತಿತ್ತು. ಯಾರ ಹತ್ತಿರ, ಎಷ್ಟು ದೂರ, ಎಷ್ಟು ಹೊತ್ತು ಅಂತ ಅದೇ ತೀರ್ಮಾನ ಮಾಡುತ್ತಿತ್ತು. ಕೋಲ್ಕತ್ತದ ಐಸರ್‌ನಲ್ಲಿ ಅನಿಂದಿತಾ ಭದ್ರ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಬೀದಿನಾಯಿಗಳನ್ನೇ ಓದುತ್ತಿದ್ದಾರೆ. ಯಾರೂ ಕಲಿಸದಿದ್ದರೂ ಅವು ಮನುಷ್ಯ ಬೆರಳು ತೋರಿಸಿದ ಕಡೆ ಹೋಗಬಲ್ಲವು ಅಂತ ತೋರಿಸಿದವರು ಅವರು. ಅಪರಿಚಿತ ಮನುಷ್ಯನ ಜೊತೆ ಮತ್ತೆ ಮತ್ತೆ ಒಡನಾಡುವಾಗ ಬೀದಿನಾಯಿ ತಿಂಡಿಗಿಂತ ತಲೆ ಸವರುವುದಕ್ಕೆ ಹೆಚ್ಚು ಮನಸೋಲುತ್ತದೆ ಅಂತಲೂ ತೋರಿಸಿದರು. ನಮ್ಮನ್ನು ಇಷ್ಟು ಓದಿಕೊಂಡ ಪ್ರಾಣಿ ಅದು. ನಾವು ಅದನ್ನು ಓದಿದ್ದು ಎಷ್ಟು?

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರಿಗಾರರು ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ ಗೊಬ್ಬರವಾಗುತ್ತದೆ, ರೈತ ಕಾಳೋ ರೊಕ್ಕವೋ ಕೊಡುತ್ತಾನೆ. ಅವರ ನಾಯಿಗಳನ್ನು ನೋಡಬೇಕು ನೀವು. ಕಣ್ಣು ಪೂರ್ತಿ ಬಿಟ್ಟಿರದ ಮರಿ ಕುರಿಮರಿಗಳ ಜೊತೆ ಬಲೆಯೊಳಗೆ ಮಲಗಿರುತ್ತದೆ. "ಏನ್ ಕಲಸ್ತೀರಿ ಇದಕ್ಕ?" ಅಂತ ಒಮ್ಮೆ ಕೇಳಿದ್ದೆ. "ಏನೂ ಕಲಸಾಂಗಿಲ್ರಿ, ಕುರ್ಯಾಗ ಬಿಡ್ತೀವಿ" ಅಂದಿದ್ದರು. ಆಗ ನನಗೆ ಅದು ಉತ್ತರ ಅನ್ನಿಸಿರಲಿಲ್ಲ. 1965ರಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅಮೆರಿಕದಲ್ಲಿ ನಾಯಿಮರಿಗಳ ಮೇಲೆ ಮಾಡಿದ ದೊಡ್ಡ ಅಧ್ಯಯನದ ಪುಸ್ತಕ ಬಂತು. ಹೆಚ್ಚುಕಡಿಮೆ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರು ಅಂದುಕೊಳ್ಳುತ್ತದೆ, ಆ ಕಿಟಕಿ ಮುಚ್ಚಿದ ಮೇಲೆ ಹೊಸತೆಲ್ಲ ಹೆದರಿಕೆ. ಕುರಿಗಾರ ಅದೇ ಕಿಟಕಿಯಲ್ಲಿ ಮರಿಯನ್ನು ಕುರಿಯೊಳಗೆ ಬಿಡುತ್ತಾನೆ. ಕೆಂಚ ಆ ವಾರಗಳಲ್ಲಿ ನೋಡಿದ್ದು ಎತ್ತು, ಬಣವಿ, ನಮ್ಮ ಅವ್ವ. ಲಿಫ್ಟು, ನೆಲ ಒರೆಸುವ ಕೋಲು, ಯೂನಿಫಾರ್ಮಿನ ಮನುಷ್ಯ ನೋಡಿರಲಿಲ್ಲ. ಅವನು ನನ್ನ ಗದ್ದುಗೆ ಕಸಿಯಲು ಬಂದಿರಲಿಲ್ಲ, ಹೆದರಿದ್ದ.

ಗುರ್ ಅನ್ನೋದಕ್ಕೆ ನಮ್ಮ ಸೀಮೆಯಲ್ಲಿ ದೇವರ ಮುಂದೆಯೇ ಜಾಗ ಇದೆ ಮಾರ್ರೆ. ದೇವರಗುಡ್ಡಕ್ಕೋ ಮೈಲಾರಕ್ಕೋ ಹೋಗಿ ನೋಡಿ. ಗೊರವಪ್ಪಗಳು ಕಂಬಳಿ ಹೊದ್ದು, ಭಂಡಾರ ಬಳಿದುಕೊಂಡು, ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತಾರೆ. ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣಿಗೆ ಒಬ್ಬರಿಗೊಬ್ಬರು ಗುರ್ ಅನ್ನುತ್ತ ಬಾಯಿ ಹಾಕುತ್ತಾರೆ. ಚಿಕ್ಕಂದಿನಲ್ಲಿ ಹೆದರಿ ಅಪ್ಪನ ಧೋತರ ಹಿಡಿದುಕೊಂಡಿದ್ದೆ. ಉಣ್ಣುವಾಗ ನಾಯಿ ಗುರ್ ಅನ್ನುತ್ತದೆ ಅಂತ ಗೊತ್ತಿದ್ದ ಜನ ಅದನ್ನೇ ಸೇವೆ ಮಾಡಿಕೊಂಡರು. ಬಿಡಿಸಲು ಹೋಗಲಿಲ್ಲ.

ತಳಿಯ ವಿಷಯವೂ ಹೀಗೇ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ್ದೇ ಹೇಳಿದ್ದು, ಬೆಂಗಳೂರಿನ ಫ್ಲಾಟುಗಳಿಗೂ ಮುಧೋಳ ಬಂತು. ನಮ್ಮ ನಾಡಿನ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು, ಸೇನೆಯವರೂ ಮೀರತ್ತಿಗೆ ಒಯ್ದು ಪಳಗಿಸಿದ್ದು, ಹೆಮ್ಮೆ ಸರಿ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಲೆಂದೇ ತಲೆಮಾರುಗಟ್ಟಲೆ ಬೆಳೆಸಿದ ಬೇಟೆನಾಯಿ. ಮೊಲದ ಹಿಂದೆ ಬಯಲಿನಲ್ಲಿ ಹಾರಬೇಕಾದ್ದನ್ನು ಐದಡಿ ಹಗ್ಗದಲ್ಲಿ ಕಟ್ಟಿ, ಬೆಕ್ಕು ಕಂಡಾಗ ಎಳೆಯಿತು ಅಂತ "ಡಾಮಿನೆಂಟ್" ಎಂದು ಹಣೆಪಟ್ಟಿ ಹಚ್ಚುವವರಿಗೆ ನಾಯಿ ಯಾಕೆ ಬೇಕು? ಒಂದು ಅಕ್ವೇರಿಯಂ ತಂದುಕೊಳ್ಳಿ.

"ತಿಂಡಿ ಕೊಟ್ಟು ಕಲಿಸೋದು ಲಂಚ" ಅನ್ನೋ ಮಾತು ನನಗೆ ಬಹಳ ಸಿಟ್ಟು ತರಿಸುತ್ತದೆ. ಹೇಳುವವರು ಯಾರು? ವರ್ಷದ ಹೈಕ್ ಎರಡು ಪರ್ಸೆಂಟ್ ಕಡಿಮೆ ಬಂದರೆ ನೌಕ್ರಿ ಡಾಟ್ ಕಾಮ್ ತೆರೆಯುವ ಜನ. ಲಂಚ ಅಂದರೆ ಮಾಡಬಾರದ್ದನ್ನು ಮಾಡಿಸಲು ಕೊಡೋದು. ಮಾಡಬೇಕಾದ್ದನ್ನು ಮಾಡಿದ್ದಕ್ಕೆ ಕೊಡೋದಕ್ಕೆ ಸಂಬಳ ಅಂತಾರೆ. ನೀವು ಕೂತುಕೋ ಅಂದಾಗ ನಾಯಿ ಕೂತರೆ ಅದು ಕೆಲಸ, ಒಂದು ಚೂರು ಕೋಳಿ ಅದರ ಕೂಲಿ. ಕೂತ ಆ ಕ್ಷಣದಲ್ಲೇ ಕೊಡಬೇಕು ಅಷ್ಟೇ. ಐದು ನಿಮಿಷ ಬಿಟ್ಟು ಕೊಟ್ಟರೆ ಯಾವುದಕ್ಕೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಗದರುವುದರ ಕಥೆಯೂ ಅದೇ. ಸಂಜೆ ಮನೆಗೆ ಬಂದು ಬೆಳಿಗ್ಗೆ ಕಡಿದ ಚಪ್ಪಲಿ ತೋರಿಸಿ ಬೈದರೆ ನಾಯಿ ಮುಖ ಸಣ್ಣ ಮಾಡುತ್ತದೆ, "ನೋಡು, ತಪ್ಪು ಗೊತ್ತಾಗಿದೆ" ಅಂತೀರಿ. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ತಪ್ಪು ಮಾಡಿದ್ದರೂ ಮಾಡದಿದ್ದರೂ, ಬೈದರೆ ಆ ಮುಖ ಬರುತ್ತದೆ. ಚಪ್ಪಲಿಗೂ ಆ ಮುಖಕ್ಕೂ ಸಂಬಂಧವಿಲ್ಲ, ನಿಮ್ಮ ದನಿಗೆ ಇದೆ.

ಕಾನೂನು ಕೇಳುತ್ತೀರಾ? ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಪ್ರಾಣಿಯನ್ನು ಹೊಡೆದು ಹಿಂಸಿಸಿದರೆ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು. ಕೋರಮಂಗಲದಲ್ಲಿ ಒಂದು ಕಾಫಿಗೂ ಸಾಲದು. ಅದೇ ನಿಮ್ಮ ನಾಯಿ ನಿಮ್ಮ ಅಲಕ್ಷ್ಯದಿಂದ ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು. ನಾಯಿ ಬೆಳೆಸಿ ಮಾರುವವರಿಗೆ 2017ರ ನಿಯಮ ಇದೆ, ಸಾಕುಪ್ರಾಣಿ ಅಂಗಡಿಗೆ 2018ರದ್ದಿದೆ. ಟ್ರೇನರ್ ಆಗಲು ಒಂದು ಇನ್‌ಸ್ಟಾಗ್ರಾಂ ಅಕೌಂಟ್, ಒಂದು ಕಪ್ಪು ಟೀಶರ್ಟು.

ಮತ್ತು ಈ ಕಲಿಕೆಗೆ ಬೆಲೆ ತೆರುವವರು ಯಾರು? ಚೋಕ್ ಚೈನ್ ಹಾಕಿದ ಯಜಮಾನನನ್ನು ನಾಯಿ ಕಚ್ಚುವುದು ಕಡಿಮೆ, ಅವನಿಗೆ ಅದು ಹೆದರುತ್ತದೆ. ಕಚ್ಚುವುದು ಬಗ್ಗಿ ನೆಲ ಒರೆಸುವ ಹೆಂಗಸನ್ನು, ಪಾರ್ಸೆಲ್ ತಂದ ಹುಡುಗನನ್ನು, ರಾತ್ರಿ ಪಾಳಿಯ ಸೆಕ್ಯುರಿಟಿಯನ್ನು, ಮನೆಗೆ ಬಂದ ಮಗುವನ್ನು. ಅವರಲ್ಲಿ ಯಾರೂ ನಿಮ್ಮ ಆಲ್ಫಾ ಪಾಠಕ್ಕೆ ಫೀಸ್ ಕಟ್ಟಿಲ್ಲ.

ಹಾಗಂತ 'ಪಾಸಿಟಿವ್' ಅಂದರೆ ಏನು ಮಾಡಿದರೂ ಬಿಡೋದು ಅಂತ ತಿಳಿದವರೂ ನಮ್ಮ ಬ್ಲಾಕಿನಲ್ಲಿ ಇದ್ದಾರೆ. ಹಗ್ಗ ಇಲ್ಲದೆ ಲಿಫ್ಟಿಗೆ ತರುವವರು, ಜನರ ಮೇಲೆ ಹಾರಿದರೆ "ಫ್ರೆಂಡ್ಲಿ ಆಂಟಿ, ಏನೂ ಮಾಡಲ್ಲ" ಅನ್ನುವವರು, ಹುಟ್ಟುಹಬ್ಬಕ್ಕೆ ಟೋಪಿ ಹಾಕಿ ಇಪ್ಪತ್ತು ಜನರ ನಡುವೆ ಕೂರಿಸುವವರು. ಆ ಫೋಟೋದಲ್ಲಿ ನಾಯಿ ತುಟಿ ನೆಕ್ಕಿಕೊಳ್ಳುತ್ತಿರುತ್ತದೆ, ನೋಡಿ. ಇದೂ ಕೇಳಿಸಿಕೊಳ್ಳದಿರುವುದೇ. ಚೈನ್ ಇಲ್ಲ ಅಷ್ಟೇ.

ಕೆಂಚನನ್ನು ನಾವು ಹೊಡೆದು ಒಗೆಯಲಿಲ್ಲ. ಬೆಂಗಳೂರಿಗೆ ವಾಪಸ್ ತಂದು, ಬೇರೆ ಒಬ್ಬ ತರಬೇತುದಾರರನ್ನು ಹುಡುಕಿದೆ. ಅವರು ಮೊದಲ ದಿನ ನಾಯಿಯನ್ನು ಮುಟ್ಟಲೇ ಇಲ್ಲ, ಒಂದು ಗಂಟೆ ದೂರ ಕೂತು ನೋಡಿದರು. ಚೈನ್ ಕಸದ ಬುಟ್ಟಿಗೆ ಹೋಯಿತು, ಎದೆಗೆ ಕಟ್ಟುವ ಪಟ್ಟಿ ಬಂತು. ಊಟ ಬಾಲ್ಕನಿಯಲ್ಲಿ, ಬಾಗಿಲು ಹಾಕಿ, ಯಾರೂ ಹೋಗುವ ಹಾಗಿಲ್ಲ. ಬಾಯಿಗೆ ಹಾಕುವ ಬುಟ್ಟಿಯನ್ನೂ ತಿಂಡಿ ಇಟ್ಟು ಇಟ್ಟು ರೂಢಿ ಮಾಡಿಸಿದರು. ಮಾಪಿನ ಕೋಲನ್ನು ಹಾಲಿನ ಆ ತುದಿಯಲ್ಲಿ ಒರಗಿಸಿಟ್ಟು ಈ ತುದಿಯಲ್ಲಿ ಕೆಂಚನಿಗೆ ಒಂದು ಚೂರು ಕೋಳಿ. ಕೋಲು ಕಂಡರೆ ಕೋಳಿ, ಕೋಲು ಹೋದರೆ ಕೋಳಿ ಬಂದ್. ತಿನ್ನುವುದು ನಿಲ್ಲಿಸಿದನೋ, ನಾವು ಬಹಳ ಹತ್ತಿರ ಬಂದಿದ್ದೇವೆ ಅಂತ ಅರ್ಥ, ಹಿಂದೆ ಸರಿಯಬೇಕು. ವಾರಕ್ಕೆ ಒಂದಡಿ. ಕೆಲವು ವಾರ ಎರಡಡಿ ವಾಪಸ್. ಬೋರ್ ಹೊಡೆಯುವ ಕೆಲಸ, ರೀಲ್ಸ್ ಮಾಡಲು ಇದರಲ್ಲ ಏನೂ ಇಲ್ಲ.

ಐದನೇ ತಿಂಗಳು ಒಂದು ದಿನ ಕೆಲಸದ ಅಕ್ಕ ಬಕೆಟ್ ಎತ್ತಿಕೊಂಡು ಸ್ವಲ್ಪ ಜೋರಾಗಿ ಬಂದರು. ಕೆಂಚ ಮೂಲೆಯಿಂದ ಸಣ್ಣಗೆ ಗುರ್ ಅಂದ. ಅಕ್ಕ ಅಲ್ಲೇ ನಿಂತು, "ಸರಿ ಕಣಪ್ಪ, ಆ ರೂಮು ಮೊದ್ಲು ಒರೆಸ್ತೀನಿ" ಅಂತ ತಿರುಗಿದರು. ನಾನು ಆಫೀಸ್ ಕಾಲ್ ಮ್ಯೂಟ್ ಮಾಡಿ ಊರಿಗೆ ಫೋನ್ ಹಚ್ಚಿದೆ. "ಕಾಕಾ, ಕೆಂಚ ಗುರ್ ಅಂದ!"

"ಚಲೋ ಆತು ಬಿಡು" ಅಂದ ಕಾಕಾ. "ಗೋವಿನಜೋಳಕ್ಕ ರೇಟ್ ಏನೈತಿ ನೋಡ ನಿನ್ನ ಫೋನ್ಯಾಗ."

ಮುಂದಿನ ಪಂಚಮಿಗೆ ಅಕ್ಕ ಬರುತ್ತಾಳೋ ಇಲ್ಲವೋ ಅಂತ ಇತ್ತು. ಬಂದಳು. ಕೆಂಚನನ್ನು ಹಿತ್ತಲಲ್ಲಿ, ಸೊಂಟದೆತ್ತರದ ತಟ್ಟಿಯ ಆಚೆ ಬಿಟ್ಟಿದ್ದೆ. ಹುಡುಗಿಯ ಕೆನ್ನೆಯ ಗುರುತು ತೆಳ್ಳಗಾಗಿತ್ತು, ಹೋಗಿರಲಿಲ್ಲ. ಅವಳು ತಟ್ಟಿಯ ಹತ್ತಿರ ಬಂದು ನಿಂತಳು. ನಾನು ಪಕ್ಕದಲ್ಲೇ ಇದ್ದೆ, ಈ ಸಲ ಮೊಬೈಲ್ ಕೈಯಲ್ಲಿರಲಿಲ್ಲ. ಕೆಂಚ ಮುಖ ಆಚೆ ತಿರುಗಿಸಿದ. ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಗುರ್.

"ಮಾಮಾ, ಅದಕ್ಕ ಈಗ ಬ್ಯಾಡಂತ" ಅಂದಳು, ಜೋಕಾಲಿ ಕಡೆ ಓಡಿದಳು.